ಮನೆಯ ಅಂತರ್ಜಾಲದ ಮಾಂದ್ಯ: ಅದರ ಕಾರಣವೂ ಪರಿಹಾರವೂ

ಮನೆಯೆಂದಮೇಲೆ ಬಾವಿ, ಒಲೆ, ದೀಪ ಇವು ಮೂರೂ ಇರಲೇಬೇಕೆಂಬುದು ನಮ್ಮ ಹಿರಿಯರ ಎಣಿಕೆಯಾಗಿತ್ತು. ಈಗ ಈ ಸಾಲಿಗೆ ಅಂತರ್ಜಾಲವೂ ಬಂದು ಸೇರಿದೆ. ಇದನ್ನು ಕಾಲದೋಷವೆಂದು ಹಳಿಯುವವರುಂಟು. ಆದರೆ ಹಾಗೆ ಹಳಿಯುವವರ ಮನೆಯಲ್ಲಿಯೂ ಜಮೀನಿನ ಪಹಣಿ, ಗ್ಯಾಸ್ ಸಿಲಿಂಡರಿನ ಬುಕಿಂಗು, ಕರೆಂಟಿನ ಬಿಲ್ಲು, ಮಕ್ಕಳ ಪರೀಕ್ಷೆಯ ಫಲಿತಾಂಶ, ಇವೆಲ್ಲವೂ ಅದರ ಮೂಲಕವೇ ನಡೆಯುತ್ತಿವೆ. ಪಿಂಚಣಿದಾರರು ತಾವಿನ್ನೂ ಬದುಕಿರುವೆವೆಂದು ವರ್ಷಕ್ಕೊಮ್ಮೆ ತೋರಿಸಿಕೊಡಬೇಕಾದ ಪ್ರಮಾಣಪತ್ರವನ್ನು ಸಹ ೨೦೧೪ರಿಂದೀಚೆಗೆ ‘ಜೀವನ್ ಪ್ರಮಾಣ್’ ಎಂಬ ಏರ್ಪಾಡಿನಂತೆ ಮನೆಯಲ್ಲಿಯೇ ಕುಳಿತು ಸಲ್ಲಿಸಬಹುದಾಗಿದೆ. ಆ ಹೊತ್ತಿನಲ್ಲಿ ಮೊಬೈಲಿನ ಪರದೆಯ ಮೇಲೆ ಚಕ್ರವು ಸುತ್ತುತ್ತಲೇ ಇದ್ದರೆ, ನಮ್ಮಂಥ ನಿವೃತ್ತರಿಗೆ ತಾವು ಇರುವೆವೋ ಇಲ್ಲವೋ ಎಂಬ ಸಂದೇಹವೇ ಉಂಟಾಗುವುದು.

ಇಷ್ಟಾದರೆ ನಗುವ ವಿಷಯವೆನ್ನಬಹುದು. ಆದರೆ ೨೦೨೦-೨೧ನೆಯ ಸಾಲುಗಳಲ್ಲಿ ಶಾಲೆಗಳು ಮುಚ್ಚಿದ್ದಾಗ, ಮಲೆನಾಡಿನ ಎಷ್ಟೋ ಹಳ್ಳಿಗಳ ಮಕ್ಕಳು ಪಾಠ ಕೇಳುವುದಕ್ಕಾಗಿ ಗುಡ್ಡದ ನೆತ್ತಿಗೆ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತುದನ್ನು ನಾಡೆಲ್ಲ ಕಂಡಿದೆ. ನಾವು ಆಗ ಇನ್ನೂ ಸೇವೆಯಲ್ಲಿದ್ದೆವು. ಬುದ್ಧಿಯಲ್ಲಿ ಸಮಾನರಾದ ಇಬ್ಬರು ಮಕ್ಕಳಲ್ಲಿ ಒಬ್ಬರ ಮನೆಗೆ ಸಂಪರ್ಕವಿದ್ದು ಇನ್ನೊಬ್ಬರ ಮನೆಗೆ ಇಲ್ಲದಿದ್ದರೆ, ಒಂದು ವರ್ಷದೊಳಗಾಗಿ ಅವರಿಬ್ಬರ ನಡುವೆ ಬೀಳುವ ಅಂತರವೆಷ್ಟೆಂಬುದನ್ನು ಉತ್ತರಪತ್ರಿಕೆಗಳನ್ನು ತಿದ್ದಿದವರು ಬಲ್ಲರು. ಆದಕಾರಣ ಈ ವಿಷಯವು ಕೇವಲ ವಿನೋದಕ್ಕೆ ಸಂಬಂಧಪಟ್ಟುದಲ್ಲ. ಮಕ್ಕಳ ವಿದ್ಯೆಗೂ ಮನೆಯ ಆದಾಯಕ್ಕೂ ಸಂಬಂಧಪಟ್ಟುದು.

‘ನೆಟ್ಟು ಸ್ಲೋ’ ಎಂಬ ಮಾತು ಈಗ ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಹಾಗಾದಾಗ ಗೃಹಸ್ಥರು ಮಾಡುವುದು ಪ್ರಾಯಶಃ ಎರಡೇ ಕೆಲಸ. ಒಂದು, ಕಂಪೆನಿಯವರನ್ನು ಬೈಯುವುದು. ಮತ್ತೊಂದು, ಹೆಚ್ಚಿನ ಬೆಲೆಯ ಪ್ಲಾನನ್ನು ಕೊಂಡುಕೊಳ್ಳುವುದು. ಎರಡೂ ರೋಗವನ್ನರಿಯದೆ ಮದ್ದು ಕುಡಿದಂತೆಯೇ ಸರಿ. ‘ನಿದಾನ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಮೆಲ್ಲನೆ ಎಂಬ ಅರ್ಥವಿದ್ದರೆ, ವೈದ್ಯಶಾಸ್ತ್ರದಲ್ಲಿ ರೋಗದ ಕಾರಣವನ್ನು ಕಂಡುಹಿಡಿಯುವುದೆಂದು ಅರ್ಥ. ಅಂತರ್ಜಾಲದ ನಿದಾನಕ್ಕೆ ಮೊದಲು ಆಗಬೇಕಾದುದು ಈ ಎರಡನೆಯ ನಿದಾನ. ಅದನ್ನು ಸಾಮಾನ್ಯ ಗೃಹಸ್ಥನು ತಾನಾಗಿಯೇ ಮಾಡಿಕೊಳ್ಳಬಹುದಾದ ರೀತಿಯನ್ನು ಇಲ್ಲಿ ಸ್ಥೂಲವಾಗಿ ವಿವರಿಸುವೆವು.

ಅಳತೆಯ ವಿಚಾರ

ಅಂತರ್ಜಾಲದ ವೇಗವನ್ನು ಎಂಬಿಪಿಎಸ್ ಎಂಬ ಮಾನದಿಂದ ಅಳೆಯುವರು. ಸೆಕೆಂಡಿಗೆ ಎಷ್ಟು ಮೆಗಾಬಿಟ್ಟು ಹರಿಯುವುದೆಂಬುದೇ ಇದರ ಅರ್ಥ. ಆದರೆ ಒಂದು ಫೋಟೋವಿನ ಅಥವಾ ಪುಸ್ತಕದ ಗಾತ್ರವನ್ನು ಹೇಳುವಾಗ ಮೆಗಾಬೈಟೆಂಬ ಬೇರೊಂದು ಮಾನವನ್ನು ಬಳಸುವರು. ಒಂದು ಬೈಟಿಗೆ ಎಂಟು ಬಿಟ್ಟುಗಳು. ಆದುದರಿಂದ ೪೦ ಎಂಬಿಪಿಎಸ್ ವೇಗದ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ೫ ಮೆಗಾಬೈಟು ಮಾತ್ರ. ಈ ಭೇದವನ್ನು ತಿಳಿಯದೆ, ನಲವತ್ತು ಕೊಡುವೆವೆಂದು ಐದನ್ನು ಕೊಟ್ಟರೆಂದು ಜಗಳವಾಡಿದವರನ್ನು ನಾವು ಕಂಡಿದ್ದೇವೆ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವು ದೊರೆತದ್ದು ೧೯೯೫ನೆಯ ಆಗಸ್ಟ್ ೧೫ರಂದು. ಅನಂತರ ಬಹುಕಾಲ ದೂರವಾಣಿಯ ತಂತಿಗೆ ಮೋಡೆಮ್ಮನ್ನು ಜೋಡಿಸಿ ನಂಬರು ತಿರುಗಿಸಿ ಸಂಪರ್ಕ ಪಡೆಯಬೇಕಾಗಿತ್ತು. ಆ ವಿಧಾನದಲ್ಲಿ ಅತ್ಯಧಿಕವೆಂದರೆ ಸೆಕೆಂಡಿಗೆ ೫೬ ಕಿಲೋಬಿಟ್ಟು. ಈಗಿನ ಮೊಬೈಲಿನಲ್ಲಿ ತೆಗೆದ ೫ ಮೆಗಾಬೈಟಿನ ಒಂದು ಫೋಟೋ ಆ ದಾರಿಯಲ್ಲಿ ಬರಲು ಸುಮಾರು ೧೨ ನಿಮಿಷ ಬೇಕಾಗುತ್ತಿತ್ತು. ೪೦ ಎಂಬಿಪಿಎಸ್ಸಿನಲ್ಲಿ ಒಂದೇ ಸೆಕೆಂಡು ಸಾಕು. ಕೇಂದ್ರ ಸರಕಾರದ ವ್ಯಾಖ್ಯೆಯಂತೆ ಬ್ರಾಡ್‌ಬ್ಯಾಂಡೆನಿಸಿಕೊಳ್ಳಲು ಮೊದಲು ೫೧೨ ಕಿಲೋಬಿಟ್ಟಿನ ವೇಗ ಸಾಕಾಗಿತ್ತು. ೨೦೨೩ರ ಜನವರಿಯಲ್ಲಿ ಅದನ್ನು ೨ ಮೆಗಾಬಿಟ್ಟಿಗೆ ಏರಿಸಿದರು.

ಹಾಗಾದರೆ ಒಂದು ಮನೆಗೆ ಎಷ್ಟು ಬೇಕು? ಮುಖ ನೋಡಿ ಮಾತನಾಡುವ ವಿಡಿಯೋ ಕರೆಗೆ ಒಂದೂವರೆಯಿಂದ ಮೂರು ಎಂಬಿಪಿಎಸ್. ಸ್ಪಷ್ಟವಾದ ಚಲನಚಿತ್ರಕ್ಕೆ ಸುಮಾರು ಐದು. ದೊಡ್ಡ ಟೀವಿಯಲ್ಲಿ ಅತ್ಯಂತ ಸೂಕ್ಷ್ಮವಾದ ಫೋರ್‌ಕೆ ಚಿತ್ರಕ್ಕೆ ಹದಿನೈದರಿಂದ ಇಪ್ಪತ್ತೈದು. ಪತ್ರ ಬರೆಯುವುದಕ್ಕೂ ಬಿಲ್ಲು ಕಟ್ಟುವುದಕ್ಕೂ ಬೇಕಾಗುವುದು ಅತ್ಯಲ್ಪ. ಒಬ್ಬರು ಚಿತ್ರ ನೋಡುತ್ತ, ಒಬ್ಬರು ಕಚೇರಿಯ ಕೆಲಸ ಮಾಡುತ್ತ, ಮಕ್ಕಳಿಬ್ಬರು ಪಾಠ ಕೇಳುತ್ತಿರುವ ಐದಾರು ಜನರ ಕುಟುಂಬಕ್ಕೂ ೩೦ರಿಂದ ೫೦ ಎಂಬಿಪಿಎಸ್ ನಿಜವಾಗಿ ಕೈಗೆ ಸಿಕ್ಕಿದರೆ ಸಾಕು. ‘ನಿಜವಾಗಿ ಕೈಗೆ ಸಿಕ್ಕಿದರೆ’ ಎಂಬ ಮಾತನ್ನು ವಾಚಕರು ಗಮನಿಸಬೇಕು.

ವೇಗವಲ್ಲದೆ ಇನ್ನೆರಡು ಸಂಗತಿಗಳುಂಟು. ಮೊದಲನೆಯದು, ನಮ್ಮ ಮನೆಯಿಂದ ಹೊರಕ್ಕೆ ಕಳುಹಿಸುವ ವೇಗ. ಇದು ಒಳಕ್ಕೆ ಬರುವ ವೇಗಕ್ಕಿಂತ ಎಷ್ಟೋ ಕಡಿಮೆಯಾಗಿರಬಹುದು. ವಿಡಿಯೋ ಕರೆಯಲ್ಲಿ ಆ ಕಡೆಯವರು ನಮಗೆ ಸ್ಪಷ್ಟವಾಗಿ ಕಂಡು, ನಾವು ಅವರಿಗೆ ಕಾಣದಿದ್ದರೆ ದೋಷವು ಇಲ್ಲಿರುವುದೆಂದು ಊಹಿಸಬಹುದು. ಎರಡನೆಯದು ವಿಳಂಬ, ಎಂದರೆ ಒಂದು ಮಾತು ಹೋಗಿ ಮರುಮಾತು ಬರಲು ಹಿಡಿಯುವ ಕಾಲ. ಇದನ್ನು ಮಿಲಿಸೆಕೆಂಡುಗಳಲ್ಲಿ ಎಣಿಸುವರು. ಶಾಲೆ ಮುಚ್ಚಿದ್ದಾಗ ನಾವು ಶಬ್ದರೂಪಗಳನ್ನು ಮಕ್ಕಳಿಂದ ಮೊಬೈಲಿನ ಮೂಲಕ ಒಟ್ಟಿಗೆ ಹೇಳಿಸಲು ಪ್ರಯತ್ನಿಸಿದೆವು. ಒಬ್ಬೊಬ್ಬರ ಧ್ವನಿಯೂ ಸ್ಪಷ್ಟವಾಗಿಯೇ ಇತ್ತು. ಆದರೆ ಒಬ್ಬನು ‘ರಾಮಃ’ ಎನ್ನುವಾಗ ಮತ್ತೊಬ್ಬನು ‘ರಾಮೌ’ ಎನ್ನುತ್ತಿದ್ದನು. ಇದು ವೇಗದ ಕೊರತೆಯಲ್ಲ, ವಿಳಂಬದ ದೋಷ. ನೂರು ಎಂಬಿಪಿಎಸ್ ಇದ್ದರೂ ವಿಳಂಬವು ಹೆಚ್ಚಾಗಿದ್ದರೆ ಸಂಭಾಷಣೆಯು ತೊದಲುವುದು.

ದಾರಿಯ ವಿಚಾರ

ಅಡಕೆಯ ತೋಟಕ್ಕೆ ಕೆರೆಯಿಂದ ನೀರು ಬರುವ ಬಗೆಯನ್ನು ಸ್ಮರಿಸಿಕೊಳ್ಳಿರಿ. ಕೆರೆ ತುಂಬಿರಬಹುದು, ಹಿರಿಯ ಕಾಲುವೆ ಅಗಲವಾಗಿರಬಹುದು. ಆದರೆ ತೋಟದ ಬಾಯಲ್ಲಿ ಎಲೆ ಕಸ ಕಟ್ಟಿಕೊಂಡಿದ್ದರೆ ಕೊನೆಯ ಮರಕ್ಕೆ ನೀರಿಲ್ಲ. ಆಗ ಕೆರೆಯ ತೂಬನ್ನು ಇನ್ನಷ್ಟು ಎತ್ತಿಸಿದರೆ ಪ್ರಯೋಜನವೇನು?

ಅಂತರ್ಜಾಲವೂ ಹೀಗೆಯೇ ಐದು ಹಂತಗಳನ್ನು ದಾಟಿ ನಮ್ಮ ಕಣ್ಣಿಗೆ ಬೀಳುವುದು. ಹೊರಗಿನ ಜಗತ್ತಿನಿಂದ ಕಂಪೆನಿಯ ಕೇಂದ್ರದವರೆಗೆ ಒಂದು; ಕೇಂದ್ರದಿಂದ ನಮ್ಮ ಮನೆಯವರೆಗೆ ಬರುವ ತಂತಿ ಅಥವಾ ಗಾಜಿನೆಳೆ ಎರಡು; ಮನೆಯೊಳಗೆ ಅದನ್ನು ಹಂಚುವ ರೂಟರು ಮೂರು; ರೂಟರಿನಿಂದ ಕೋಣೆಗೆ ಗಾಳಿಯಲ್ಲಿ ಬರುವ ವೈಫೈ ನಾಲ್ಕು; ನಮ್ಮ ಕೈಯಲ್ಲಿರುವ ಮೊಬೈಲು ಅಥವಾ ಕಂಪ್ಯೂಟರು ಐದು. ಈ ಐದರಲ್ಲಿ ಯಾವುದು ಎಲ್ಲಕ್ಕಿಂತ ಕಿರಿದೋ ಅದರ ವೇಗವೇ ನಮ್ಮ ವೇಗ. ಪ್ಲಾನಿನ ಬೆಲೆಯನ್ನು ಏರಿಸಿದರೆ ಬದಲಾಗುವುದು ಎರಡನೆಯ ಹಂತವೊಂದೇ. ಆದರೆ ಮನೆಗಳಲ್ಲಿ ಕಾಣುವ ಮಾಂದ್ಯವು ಬಹುಮಟ್ಟಿಗೆ ಮೂರು, ನಾಲ್ಕು, ಐದನೆಯ ಹಂತಗಳಲ್ಲಿಯೇ ಇರುವುದುಂಟು.

ಪರೀಕ್ಷೆಯ ಕ್ರಮ

ನ್ಯಾಯಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕವೆಂಬ ವಿಧಾನವೊಂದುಂಟು. ಒಂದು ವಸ್ತು ಇದ್ದಾಗ ದೋಷವಿದ್ದು, ಅದನ್ನು ತೆಗೆದಾಗ ದೋಷವಿಲ್ಲದಿದ್ದರೆ, ಆ ವಸ್ತುವೇ ದೋಷಕ್ಕೆ ಕಾರಣವೆಂದು ನಿಶ್ಚಯಿಸುವುದು. ಅಂತರ್ಜಾಲದ ಪರೀಕ್ಷೆಗೆ ಇದಕ್ಕಿಂತ ಉತ್ತಮವಾದ ಮಾರ್ಗವಿಲ್ಲ.

ವೇಗವನ್ನು ಅಳೆಯುವ ಆ್ಯಪುಗಳು ಉಚಿತವಾಗಿ ದೊರೆಯುವುವು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸಂಸ್ಥೆಯದೇ ‘ಮೈಸ್ಪೀಡ್’ ಎಂಬ ಆ್ಯಪೊಂದುಂಟು. ಮೊದಲು ಮನೆಯಲ್ಲಿ ಮಿಕ್ಕವರೆಲ್ಲರೂ ತಮ್ಮ ಮೊಬೈಲುಗಳ ವೈಫೈ ಆರಿಸುವಂತೆ ಹೇಳಿ, ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ರೂಟರಿಗೆ ನೇರವಾಗಿ ಸೇರಿಸಿ ಅಳೆಯಬೇಕು. ಅನಂತರ ಕೇಬಲ್ಲನ್ನು ತೆಗೆದು, ರೂಟರಿನಿಂದ ಎರಡು ಮೀಟರು ದೂರದಲ್ಲಿ ವೈಫೈ ಮೂಲಕ ಅಳೆಯಬೇಕು. ಮೂರನೆಯದಾಗಿ, ಯಾವ ಕೋಣೆಯಲ್ಲಿ ತೊಂದರೆಯೋ ಅಲ್ಲಿ ಅಳೆಯಬೇಕು. ನಾಲ್ಕನೆಯದಾಗಿ, ಅದೇ ಸ್ಥಳದಲ್ಲಿ ಬೇರೊಂದು ಮೊಬೈಲಿನಿಂದ ಅಳೆಯಬೇಕು.

ಅನ್ನ ಬೆಂದಿತೋ ಇಲ್ಲವೋ ಎಂಬುದನ್ನು ಒಂದು ಅಗುಳನ್ನು ಹಿಚುಕಿ ತಿಳಿಯುವುದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ಹೆಸರು. ಇಲ್ಲಿ ಆ ನ್ಯಾಯವು ಸಲ್ಲದು. ಒಂದು ಅಳತೆಯಿಂದ ಏನೂ ತಿಳಿಯುವುದಿಲ್ಲ. ಬೆಳಗ್ಗೆ ಆರು ಗಂಟೆಗೆ, ಮಧ್ಯಾಹ್ನ, ರಾತ್ರಿ ಒಂಬತ್ತು ಗಂಟೆಗೆ, ಹೀಗೆ ಮೂರು ದಿನಗಳ ಅಳತೆಯನ್ನು ಒಂದು ನೋಟುಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಡಬೇಕು. ವೇಗವಾದ ಸಂಪರ್ಕದಲ್ಲಿ ಒಂದೊಂದು ಅಳತೆಗೂ ನೂರಾರು ಮೆಗಾಬೈಟು ಖರ್ಚಾಗುವುದರಿಂದ, ಮೊಬೈಲಿನ ದಿನದ ಡೇಟಾ ಮಿತಿಯನ್ನು ನೆನಪಿನಲ್ಲಿಡಬೇಕು.

ಫಲವನ್ನು ಹೀಗೆ ಓದಿಕೊಳ್ಳಬೇಕು. ಕೇಬಲ್ಲಿನಲ್ಲಿ ಪ್ಲಾನಿನಷ್ಟು ವೇಗವಿದ್ದು ಕೋಣೆಯಲ್ಲಿ ಇಲ್ಲದಿದ್ದರೆ, ದೋಷವು ವೈಫೈಯದು. ಕಂಪೆನಿಯ ಮೇಲೆ ಕೋಪಿಸಿಕೊಂಡು ಫಲವಿಲ್ಲ. ಒಂದು ಮೊಬೈಲಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ದೋಷವು ಎರಡನೆಯ ಮೊಬೈಲಿನದು. ಕೇಬಲ್ಲಿನಲ್ಲಿಯೂ ಬೆಳಗ್ಗೆ ಚೆನ್ನಾಗಿದ್ದು ರಾತ್ರಿ ಕುಗ್ಗಿದರೆ, ಊರಿನವರೆಲ್ಲರೂ ಒಟ್ಟಿಗೆ ಬಳಸುವ ಹೊತ್ತಿನಲ್ಲಿ ಕಂಪೆನಿಯ ಕಾಲುವೆಯು ಸಾಲದೆ ಹೋಗುತ್ತಿದೆ. ಕೇಬಲ್ಲಿನಲ್ಲಿ ಎಲ್ಲ ಹೊತ್ತಿನಲ್ಲಿಯೂ ಕಡಿಮೆಯಿದ್ದರೆ ಮನೆಗೆ ಬರುವ ತಂತಿಯನ್ನೋ ರೂಟರನ್ನೋ ಶಂಕಿಸಬೇಕು. ತಿಂಗಳ ಮೊದಲಲ್ಲಿ ಚೆನ್ನಾಗಿದ್ದು ಕೊನೆಯಲ್ಲಿ ಕುಗ್ಗಿದರೆ, ಪ್ಲಾನಿನಲ್ಲಿ ಇಷ್ಟು ಗಿಗಾಬೈಟಿನ ಮೇಲೆ ವೇಗವನ್ನು ಇಳಿಸುವೆವೆಂಬ ಷರತ್ತಿದೆಯೇ ಎಂದು ಓದಿ ನೋಡಬೇಕು.

ಮನೆಯೊಳಗಿನ ಪರಿಹಾರ

ನಮ್ಮ ಬೀದಿಯ ಗೃಹಸ್ಥರೊಬ್ಬರು ಮಗಳ ಓದಿಗೆ ತೊಂದರೆಯಾಗಬಾರದೆಂದು ೧೦೦ ಎಂಬಿಪಿಎಸ್ಸಿನ ಪ್ಲಾನನ್ನು ಬಿಟ್ಟು ೨೦೦ರದನ್ನು ತೆಗೆದುಕೊಂಡರು. ಆದರೂ ಹುಡುಗಿಯ ಕಷ್ಟವು ತಪ್ಪಲಿಲ್ಲ. ಅವರ ಕೋರಿಕೆಯಂತೆ ನಾವು ಹೋಗಿ ನೋಡಿದಾಗ, ರೂಟರು ಹೊರಕೋಣೆಯಲ್ಲಿ ಟೀವಿಯ ಹಿಂದಣ ಪೆಟ್ಟಿಗೆಯೊಳಗೆ ಇದ್ದಿತು. ಹುಡುಗಿಯು ಓದುವುದು ಹಿತ್ತಲ ಕಡೆಯ ಕೋಣೆಯಲ್ಲಿ. ನಡುವೆ ಮೂರು ಗೋಡೆಗಳು, ಒಂದು ಉಕ್ಕಿನ ಬೀರು. ಅಳೆದಾಗ ಹೊರಕೋಣೆಯಲ್ಲಿ ನೂರ ಎಂಬತ್ತಕ್ಕೂ ಹೆಚ್ಚು, ಹುಡುಗಿಯ ಕೋಣೆಯಲ್ಲಿ ಆರು! ಹದಿನೈದು ಮೀಟರಿನ ಕೇಬಲ್ಲೊಂದನ್ನು ಗೋಡೆಯ ಅಂಚಿನಲ್ಲಿ ಎಳೆದು ಅವಳ ಮೇಜಿಗೆ ತಂದುಕೊಟ್ಟ ಮೇಲೆ ಬೇರೆ ಯಾವ ಮದ್ದೂ ಬೇಕಾಗಲಿಲ್ಲ. ಮುಂದಿನ ತಿಂಗಳು ಅವರು ಹಳೆಯ ಪ್ಲಾನಿಗೇ ಮರಳಿದರು.

ರೂಟರು ದೀಪವಿದ್ದಂತೆ, ದೀಪವನ್ನು ಪೆಟ್ಟಿಗೆಯಲ್ಲಿಟ್ಟು ಮನೆಯೆಲ್ಲ ಬೆಳಗಲೆಂದು ಬಯಸಬಾರದು. ಅದನ್ನು ಮನೆಯ ಮಧ್ಯದಲ್ಲಿ, ಆಳೆತ್ತರದಲ್ಲಿ, ಬಯಲಾಗಿ ಇಡಬೇಕು. ಲೋಹದ ಬೀರು, ನಿಲುಗನ್ನಡಿ, ನೀರಿನ ತೊಟ್ಟಿ, ಕಾಂಕ್ರೀಟಿನ ಗೋಡೆ ಇವು ವೈಫೈ ಅಲೆಗಳನ್ನು ತಡೆಯುವುವು. ಮಲೆನಾಡಿನ ಹಳೆಯ ಮನೆಗಳಲ್ಲಿ ಒಂದೂವರೆ ಎರಡಡಿ ದಪ್ಪದ ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆಗಳಿರುವುದರಿಂದ ಜಗಲಿಯಲ್ಲಿಟ್ಟ ರೂಟರು ಅಡುಗೆಮನೆಗೆ ಮುಟ್ಟುವುದಿಲ್ಲ. ಅಂಥ ಮನೆಗಳಲ್ಲಿ ಬಾಗಿಲುಗಳು ಎದುರುಬದುರಾಗಿರುವ ಸಾಲಿನಲ್ಲಿ ರೂಟರನ್ನು ಇಟ್ಟರೆ ಅನುಕೂಲ.

ಈಗಿನ ರೂಟರುಗಳಲ್ಲಿ ಸಾಮಾನ್ಯವಾಗಿ ಎರಡು ಅಲೆಪಟ್ಟಿಗಳಿರುವುವು. ೨.೪ ಗಿಗಾಹರ್ಟ್ಸಿನದು ದೂರ ಹೋಗುವುದು, ಆದರೆ ಮೆಲ್ಲಗೆ. ೫ ಗಿಗಾಹರ್ಟ್ಸಿನದು ವೇಗವಾದುದು, ಆದರೆ ಗೋಡೆಗಳ ಮುಂದೆ ಸೋಲುವುದು. ಹತ್ತಿರದ ಟೀವಿ, ಲ್ಯಾಪ್‌ಟಾಪುಗಳನ್ನು ಎರಡನೆಯದಕ್ಕೂ, ದೂರದ ಕೋಣೆಯ ಮೊಬೈಲುಗಳನ್ನು ಮೊದಲನೆಯದಕ್ಕೂ ಸೇರಿಸುವುದು ಸರಿಯಾದ ಹಂಚಿಕೆ. ಮೈಕ್ರೋವೇವ್ ಒಲೆಯು ಸಹ ೨.೪ರ ಆಸುಪಾಸಿನಲ್ಲಿಯೇ ಕೆಲಸ ಮಾಡುವುದರಿಂದ, ಅಡುಗೆಮನೆಯಲ್ಲಿ ಅದು ತಿರುಗುವಾಗ ಪಕ್ಕದ ಕೋಣೆಯ ವೈಫೈ ತಡವರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಪಟ್ಟಣದ ವಠಾರಗಳಲ್ಲಿ ನೆರೆಹೊರೆಯ ಹತ್ತಾರು ರೂಟರುಗಳು ಒಂದೇ ಚಾನೆಲಿನಲ್ಲಿ ಕೂಗಾಡುತ್ತಿರುವುವು. ೨.೪ರಲ್ಲಿ ಪರಸ್ಪರ ತಗುಲದ ಚಾನೆಲುಗಳು ೧, ೬, ೧೧ ಎಂಬ ಮೂರೇ. ಅವುಗಳಲ್ಲಿ ನೆರೆಯವರು ಕಡಿಮೆ ಬಳಸುವುದನ್ನು ಆರಿಸಿಕೊಳ್ಳಬಹುದು.

ದೂರದ ಕೋಣೆಗೆ ಕೇಬಲ್ಲೇ ಶ್ರೇಷ್ಠ. ಕ್ಯಾಟ್ ೫ಇ ಎಂಬ ಜಾತಿಯ ಕೇಬಲ್ಲು ೧೦೦ ಮೀಟರಿನವರೆಗೂ ೧೦೦೦ ಎಂಬಿಪಿಎಸ್ಸನ್ನು ಒಯ್ಯಬಲ್ಲುದು. ಕೇಬಲ್ಲು ಎಳೆಯಲಾಗದ ಕಡೆ ಎರಡು ಮೂರು ಪೆಟ್ಟಿಗೆಗಳು ಕೂಡಿ ಕೆಲಸ ಮಾಡುವ ಮೆಶ್ ವ್ಯವಸ್ಥೆಯನ್ನು ಇಡಬಹುದು. ಅಗ್ಗದ ರಿಪೀಟರುಗಳು ಕೇಳಿದ ಮಾತನ್ನೇ ಮತ್ತೊಮ್ಮೆ ಹೇಳಬೇಕಾದುದರಿಂದ ವೇಗವು ಸುಮಾರು ಅರ್ಧಕ್ಕೆ ಇಳಿಯುವುದು. ಆದರೂ ಏನೂ ಇಲ್ಲದ ಕೋಣೆಗೆ ಅದು ವಾಸಿ. ಹಳೆಯ ರೂಟರುಗಳ ಕೇಬಲ್ ಬಾಯಿಗಳು ೧೦೦ ಎಂಬಿಪಿಎಸ್ಸಿಗೇ ಮುಗಿಯುವುವು. ಅಂಥ ರೂಟರನ್ನಿಟ್ಟುಕೊಂಡು ೩೦೦ರ ಪ್ಲಾನನ್ನು ಕೊಳ್ಳುವುದು ದಂಡ. ವೇಗವನ್ನು ಇಮ್ಮಡಿ ಮಾಡುವೆವೆಂದು ಹೇಳಿಕೊಳ್ಳುವ ಆ್ಯಪುಗಳನ್ನು ನಂಬಬಾರದು. ಮೊಬೈಲಿನ ಆ್ಯಪು ಗೋಡೆಯನ್ನು ತೆಳುವಾಗಿಸಲಾರದು, ಹೊರಗಿನ ತಂತಿಯನ್ನು ಅಗಲ ಮಾಡಲಾರದು.

ಕಾಣದೆ ನೀರು ಸೋರುವ ಜಾಗಗಳೂ ಉಂಟು. ಮೊಬೈಲುಗಳು ತಾವಾಗಿಯೇ ಫೋಟೋಗಳನ್ನು ಗೂಗಲ್ ಮೊದಲಾದ ಉಗ್ರಾಣಗಳಿಗೆ ಕಳುಹಿಸುತ್ತಿರುವುವು. ಬಾಗಿಲ ಮೇಲಿನ ಕ್ಯಾಮರಾ ಹಗಲಿರುಳೂ ಚಿತ್ರವನ್ನು ಹೊರಕ್ಕೆ ಸಾಗಿಸುತ್ತಿರುವುದು. ಕಂಪ್ಯೂಟರು ತನ್ನ ಅಪ್‌ಡೇಟನ್ನು ಸರಿಯಾಗಿ ಪಾಠದ ಹೊತ್ತಿನಲ್ಲಿಯೇ ಇಳಿಸಿಕೊಳ್ಳುವುದು. ಇವುಗಳನ್ನು ರಾತ್ರಿ ಹನ್ನೊಂದರ ಮೇಲಕ್ಕೆ ನಿಗದಿ ಮಾಡಬೇಕು. ವೈಫೈಯ ಪಾಸ್‌ವರ್ಡು ಬೀದಿಗೆಲ್ಲ ತಿಳಿದಿದ್ದರೆ ಬದಲಾಯಿಸಬೇಕು. ಕರೆಂಟು ಹೋದಾಗ ರೂಟರು ಆರದಂತೆ ೧೨ ವೋಲ್ಟಿನ ಸಣ್ಣ ಯುಪಿಎಸ್ಸೊಂದನ್ನು ಜೋಡಿಸಿಕೊಂಡರೆ ಮಳೆಗಾಲದಲ್ಲಿ ಮಹೋಪಕಾರ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಮಾತ್ರ ಅಡಾಪ್ಟರುಗಳನ್ನು ಕಿತ್ತಿಡುವುದೇ ಕ್ಷೇಮ.

ಮನೆಯ ಹೊರಗಿನ ದೋಷ

ಕೇಬಲ್ಲಿನಲ್ಲಿ ಅಳೆದರೂ ವೇಗವಿಲ್ಲದಿದ್ದರೆ ಆಗ ಕಂಪೆನಿಯವರನ್ನು ಕೇಳಲು ನಮಗೆ ಅಧಿಕಾರವುಂಟು. ಗಾಜಿನೆಳೆಯ ಸಂಪರ್ಕವಿರುವ ಮನೆಗಳಲ್ಲಿ ಗೋಡೆಯ ಪೆಟ್ಟಿಗೆಯ ಮೇಲೆ ‘ಎಲ್‌ಒಎಸ್’ ಎಂಬ ದೀಪವು ಕೆಂಪಾಗಿ ಉರಿಯುತ್ತಿದ್ದರೆ, ಬೆಳಕು ಮನೆಯವರೆಗೆ ಬರುತ್ತಿಲ್ಲವೆಂದು ಅರ್ಥ. ಗಾಜಿನೆಳೆಯನ್ನು ಮೂಲೆಯಲ್ಲಿ ಮಡಿಸಿ ಮೊಳೆ ಹೊಡೆದಿದ್ದರೂ, ಅಳಿಲು ಕಡಿದಿದ್ದರೂ, ಅದರ ಮೇಲೆ ಕೊಂಬೆ ಮುರಿದು ಬಿದ್ದಿದ್ದರೂ ಬೆಳಕು ಕುಂದುವುದು.

ದೂರನ್ನು ಬಾಯಿಮಾತಿನಲ್ಲಿ ಹೇಳಿ ಬಿಡಬಾರದು. ಟ್ರಾಯ್ ಸಂಸ್ಥೆಯ ೨೦೧೨ರ ನಿಯಮಾವಳಿಯಂತೆ, ದೂರು ಕೊಟ್ಟ ಪ್ರತಿಯೊಬ್ಬರಿಗೂ ಕಂಪೆನಿಯು ಡಾಕೆಟ್ ನಂಬರನ್ನು ಕೊಡಬೇಕು. ಪರಿಹಾರವು ತೃಪ್ತಿಕರವಾಗದಿದ್ದರೆ ೩೦ ದಿನಗಳೊಳಗಾಗಿ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆದುಕೊಳ್ಳಬಹುದು, ಅದಕ್ಕೆ ಶುಲ್ಕವಿಲ್ಲ. ಆ ಪ್ರಾಧಿಕಾರವು ೩೯ ದಿನಗಳಲ್ಲಿ ತೀರ್ಮಾನ ಹೇಳಬೇಕು. ಮೇಲೆ ಹೇಳಿದ ನೋಟುಪುಸ್ತಕದ ಬೆಲೆ ಆಗ ತಿಳಿಯುವುದು. ‘ಯಾವಾಗಲೂ ಸ್ಲೋ’ ಎಂದು ಬರೆದರೆ ಯಾರೂ ಕಿವಿಗೊಡರು. ಇಂಥ ದಿನ ಇಂಥ ಗಂಟೆಗೆ ಕೇಬಲ್ಲಿನಲ್ಲಿ ಇಷ್ಟು ಎಂಬ ಪಟ್ಟಿಯನ್ನು ಲಗತ್ತಿಸಿದರೆ ತಳ್ಳಿಹಾಕುವುದು ಸುಲಭವಲ್ಲ.

ಬೇರೆ ಮಾರ್ಗಗಳು

ಇಷ್ಟೆಲ್ಲ ಮಾಡಿದ ಮೇಲೂ ಸಾಲದಿದ್ದರೆ, ಆಗ ಬೇರೆ ಸಂಪರ್ಕವನ್ನು ಹುಡುಕುವುದು ಯುಕ್ತ.

ದೂರವಾಣಿಯ ತಾಮ್ರದ ತಂತಿಯ ಮೂಲಕ ಬರುವ ಸಂಪರ್ಕವು ದೂರಕ್ಕೆ ಅಧೀನವಾದುದು. ಎಕ್ಸ್‌ಚೇಂಜಿನ ಹತ್ತಿರವಿದ್ದವರಿಗೆ ಈ ಬಗೆಯಲ್ಲಿ ೨೪ ಎಂಬಿಪಿಎಸ್ಸಿನವರೆಗೂ ಸಾಧ್ಯ. ನಾಲ್ಕೈದು ಕಿಲೋಮೀಟರು ದೂರದವರಿಗೆ ಒಂದೆರಡು ಬಂದರೆ ಹೆಚ್ಚು. ಇಂಥವರು ಪ್ಲಾನನ್ನು ಎಷ್ಟು ಏರಿಸಿದರೂ ತಾಮ್ರದ ಗುಣವು ಬದಲಾಗದು.

ಎಲ್ಲಕ್ಕಿಂತ ಉತ್ತಮವಾದುದು ಫೈಬರು, ಎಂದರೆ ಕೂದಲಷ್ಟು ದಪ್ಪದ ಗಾಜಿನೆಳೆಯೊಳಗೆ ಬೆಳಕನ್ನು ಹರಿಸುವ ವಿಧಾನ. ಈ ವಿದ್ಯೆಗೆ ತಳಹದಿ ಹಾಕಿದವರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರು ಒಬ್ಬರು. ಗಾಜಿನೆಳೆಯ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸುವ ಅವರ ಪ್ರಯೋಗವು ೧೯೫೪ರಲ್ಲಿ ಪ್ರಕಟವಾಯಿತು. ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ಸಂದೇಶಗಳನ್ನು ಬಹುದೂರ ಕಳುಹಿಸಬಹುದೆಂದು ೧೯೬೬ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೋ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಮನೆಗಳಿಗೆ ಬರುವ ಸಾಮಾನ್ಯ ಫೈಬರು ಕೇಂದ್ರದಿಂದ ಸುಮಾರು ೨೦ ಕಿಲೋಮೀಟರಿನವರೆಗೂ ಕುಗ್ಗದೆ ಬರಬಲ್ಲುದು. ಗಾಜು ವಿದ್ಯುದ್ವಾಹಕವಲ್ಲವಾದುದರಿಂದ ಸಿಡಿಲನ್ನು ಮನೆಯೊಳಕ್ಕೆ ತರುವ ಭಯವೂ ಕಡಿಮೆ. ಒಂದು ಎಳೆಯ ಸುಮಾರು ಎರಡೂವರೆ ಗಿಗಾಬಿಟ್ಟಿನ ವೇಗವನ್ನು ೩೨ ಅಥವಾ ೬೪ ಮನೆಗಳು ಹಂಚಿಕೊಳ್ಳುವುದು ವಾಡಿಕೆ. ಆದುದರಿಂದ ಸೇರುವ ಮೊದಲು ಅದೇ ಬೀದಿಯಲ್ಲಿ ಅದೇ ಕಂಪೆನಿಯ ಸಂಪರ್ಕವಿರುವ ನೆರೆಯವರನ್ನು ‘ರಾತ್ರಿ ಒಂಬತ್ತಕ್ಕೆ ಹೇಗಿರುತ್ತದೆ?’ ಎಂದು ವಿಚಾರಿಸಬೇಕು. ಜಾಹೀರಾತಿಗಿಂತ ನೆರೆಯವರ ಮಾತು ಪ್ರಮಾಣ.

ಫೈಬರು ಬಾರದ ಕಡೆಗಳಿಗೆ ಫೈವ್‌ಜಿ ಅಲೆಗಳನ್ನು ಮಾಳಿಗೆಯ ಮೇಲೆ ಹಿಡಿದು ಮನೆಯೊಳಗೆ ಹಂಚುವ ಏರ್‌ಫೈಬರೆಂಬ ಸೇವೆಯನ್ನು ಏರ್‌ಟೆಲ್ಲು ಹಾಗೂ ಜಿಯೋ ಕಂಪೆನಿಗಳು ೨೦೨೩ರಲ್ಲಿ ಪ್ರಾರಂಭಿಸಿದುವು. ಹೆಸರಿನಲ್ಲಿ ಫೈಬರೆಂದಿದ್ದರೂ ಮನೆಗೆ ಬರುವುದು ಗಾಳಿಯ ದಾರಿಯಲ್ಲಿಯೇ. ಟವರು ಹತ್ತಿರವಿದ್ದು ನಡುವೆ ಗುಡ್ಡ, ದಟ್ಟ ಮರಗಳು ಇಲ್ಲದಿದ್ದರೆ ಇದು ಚೆನ್ನಾಗಿ ನಡೆಯುವುದು. ಅದೂ ಇಲ್ಲದವರು ಸಿಮ್ಮು ಹಾಕುವ ಫೋರ್‌ಜಿ ರೂಟರನ್ನು ಟವರಿನ ದಿಕ್ಕಿನ ಕಿಟಕಿಯಲ್ಲಿಟ್ಟು, ಬೇಕಾದರೆ ಮಾಳಿಗೆಯ ಮೇಲೆ ದಿಕ್ಕಿಗೆ ತಿರುಗಿಸಿದ ಆಂಟೆನಾವನ್ನು ಜೋಡಿಸಿ ಕೆಲಸ ಸಾಗಿಸಬಹುದು. ಸಿಮ್ಮನ್ನು ಕೊಳ್ಳುವ ಮೊದಲು ಬೇರೆ ಬೇರೆ ಕಂಪೆನಿಗಳ ಸಿಮ್ಮುಳ್ಳ ನೆಂಟರಿಷ್ಟರು ಮನೆಗೆ ಬಂದಾಗ ಅವರ ಮೊಬೈಲಿನಲ್ಲಿ ಅಳೆದು ನೋಡುವುದು ಖರ್ಚಿಲ್ಲದ ಪರೀಕ್ಷೆ. ಟ್ರಾಯ್ ಸಂಸ್ಥೆಯ ೨೦೨೪ರ ನಿಯಮಾವಳಿಯಂತೆ, ಯಾವ ಪ್ರದೇಶದಲ್ಲಿ ತಮ್ಮ ಮೊಬೈಲ್ ಸೇವೆಯಿದೆಯೆಂಬ ನಕ್ಷೆಗಳನ್ನು ಕಂಪೆನಿಗಳು ಪ್ರಕಟಿಸಬೇಕಾಗಿದೆ, ಅವನ್ನೂ ನೋಡಬಹುದು.

ಉಪಗ್ರಹದ ಮಾರ್ಗವೂ ಒಂದುಂಟು. ಭೂಸ್ಥಿರ ಕಕ್ಷೆಯ ಉಪಗ್ರಹಗಳು ೩೫,೭೮೬ ಕಿಲೋಮೀಟರು ಎತ್ತರದಲ್ಲಿರುವುದರಿಂದ, ಪ್ರಶ್ನೆಯು ಹೋಗಿ ಉತ್ತರವು ಬರಲು ಬೆಳಕಿಗೇ ಸುಮಾರು ಅರ್ಧ ಸೆಕೆಂಡು ಹಿಡಿಯುವುದು. ಇದರಲ್ಲಿ ಸಂಭಾಷಣೆಯು ಕಷ್ಟ. ಸ್ಟಾರ್‌ಲಿಂಕಿನ ಉಪಗ್ರಹಗಳಾದರೋ ಸುಮಾರು ೫೫೦ ಕಿಲೋಮೀಟರು ಎತ್ತರದಲ್ಲಿ ಸುತ್ತುವುದರಿಂದ ಆ ವಿಳಂಬವಿಲ್ಲ. ಆ ಸಂಸ್ಥೆಗೆ ಭಾರತದ ದೂರಸಂಪರ್ಕ ಇಲಾಖೆಯು ೨೦೨೫ರಲ್ಲಿ ಪರವಾನಗಿಯನ್ನು ಕೊಟ್ಟಿತು. ಆದರೆ ಬೇರೆ ಯಾವುದೂ ತಲುಪದ ಒಂಟಿಮನೆಗಳಿಗೆ ಮಾತ್ರ ಈ ದಾರಿಯನ್ನು ಆಲೋಚಿಸುವುದು ಮೇಲು. ಬೀದಿಯಲ್ಲಿ ಫೈಬರಿದ್ದವರಿಗೆ ಇದರ ಆವಶ್ಯಕತೆಯಿಲ್ಲ.

ಹಳ್ಳಿಯ ಗೃಹಸ್ಥರಿಗೆ ಒಂದು ವಿಶೇಷ ಮಾತು. ಗ್ರಾಮ ಪಂಚಾಯತಿಗಳಿಗೆಲ್ಲ ಗಾಜಿನೆಳೆಯನ್ನು ಎಳೆಯುವ ಯೋಜನೆಗೆ ೨೦೧೧ರಲ್ಲಿ ಕೇಂದ್ರ ಸರಕಾರವು ಒಪ್ಪಿಗೆ ಕೊಟ್ಟಿತು. ಈಗ ಅದರ ಹೆಸರು ಭಾರತ್‌ನೆಟ್. ಅಲ್ಲಿಂದ ಮನೆಗಳಿಗೆ ಸಂಪರ್ಕವನ್ನು ಸ್ಥಳೀಯ ಉದ್ಯಮಿಗಳ ಮೂಲಕ ಕೊಡುವ ಏರ್ಪಾಡೂ ಉಂಟು. ಪಂಚಾಯತಿ ಕಚೇರಿಯವರೆಗೆ ಎಳೆ ಬಂದಿದ್ದೂ ಎರಡು ಮೈಲಿ ಆಚೆಯ ಕೇರಿಯವರು ಗುಡ್ಡ ಹತ್ತುತ್ತಿರುವುದುಂಟು. ಒಬ್ಬೊಬ್ಬರೇ ಕೇಳಿದರೆ ಒಂದು ಮನೆಗಾಗಿ ಅಷ್ಟು ದೂರ ಎಳೆಯಲಾಗದೆಂಬ ಉತ್ತರವೇ ಬರುವುದು. ನಮ್ಮ ಹಳೆಯ ಶಿಷ್ಯರೊಬ್ಬರ ಕೇರಿಯಲ್ಲಿ ಹನ್ನೊಂದು ಮನೆಗಳವರು ಒಟ್ಟಾಗಿ ಒಂದೇ ಅರ್ಜಿಗೆ ಸಹಿ ಹಾಕಿ, ಕಂಬಗಳಿಗೆ ತಮ್ಮ ತೋಟದ ಅಂಚಿನಲ್ಲಿ ಜಾಗವನ್ನು ತಾವೇ ತೋರಿಸಿ, ದಾರಿಯ ಕೊಂಬೆಗಳನ್ನು ತಾವೇ ಸವರಿಕೊಟ್ಟರು. ಆ ಮಳೆಗಾಲದ ಮೊದಲೇ ಎಳೆಯು ಕೇರಿಯನ್ನು ಮುಟ್ಟಿತು. ಊರಿನ ಕೆರೆಯ ಹೂಳನ್ನು ಒಟ್ಟಾಗಿ ಎತ್ತುತ್ತಿದ್ದ ಜನಕ್ಕೆ ಇದು ಹೊಸ ವಿದ್ಯೆಯೇನೂ ಅಲ್ಲ.

ಮನೆಯವರ ಒಪ್ಪಂದ

ಕೊನೆಯದಾಗಿ, ಯಾವ ಕಂಪೆನಿಯೂ ಕೊಡಲಾರದ ಪರಿಹಾರವೊಂದುಂಟು. ಇರುವ ವೇಗವು ಕಡಿಮೆಯಾದರೆ ಅದು ಮೊದಲು ಯಾರಿಗೆ ಸಲ್ಲಬೇಕೆಂಬುದನ್ನು ಮನೆಯವರೆಲ್ಲರೂ ಕುಳಿತು ನಿಶ್ಚಯಿಸಿಕೊಳ್ಳುವುದು. ಎಷ್ಟೋ ಮನೆಗಳಲ್ಲಿ ರೂಟರು ಯಜಮಾನರ ಟೀವಿಯ ಬಳಿಯಿರುವುದು. ಮನೆಯಿಂದಲೇ ಕಚೇರಿಯ ಕೆಲಸ ಮಾಡುವ ಸೊಸೆಗೂ ಪರೀಕ್ಷೆಗೆ ಓದುವ ಹುಡುಗನಿಗೂ ಸಿಕ್ಕುವುದು ಕಟ್ಟಕಡೆಯ ಕೋಣೆ. ಇದನ್ನು ತಿರುಗುಮುರುಗು ಮಾಡಿದರೆ ಅರ್ಧ ತೊಂದರೆಯು ಅಂದೇ ತೀರುವುದು. ಪಾಠದ ಹೊತ್ತಿನಲ್ಲಿ ಹ��ರಿಯರು ಧಾರಾವಾಹಿಯನ್ನು ಒಂದು ಗಂಟೆ ಮುಂದೂಡಬಹುದು, ಅಥವಾ ಚಿತ್ರದ ಸೂಕ್ಷ್ಮತೆಯನ್ನು ೪೮೦ಕ್ಕೆ ಇಳಿಸಬಹುದು. ಸಣ್ಣ ಪರದೆಯಲ್ಲಿ ಭೇದವು ಅಷ್ಟಾಗಿ ತಿಳಿಯುವುದಿಲ್ಲ. ಪರೀಕ್ಷೆ, ಸಂದರ್ಶನ, ವೈದ್ಯರೊಡನೆ ಸಮಾಲೋಚನೆ ಇಂಥ ತಪ್ಪಿಸಲಾಗದ ದಿನಗಳಿಗಾಗಿ, ಮನೆಯ ಸಂಪರ್ಕದ ಕಂಪೆನಿಯದಲ್ಲದ ಬೇರೆ ಕಂಪೆನಿಯ ಸಿಮ್ಮೊಂದನ್ನು ಆಪದ್ಧನದಂತೆ ಒಬ್ಬರ ಮೊಬೈಲಿನಲ್ಲಿ ಸಿದ್ಧವಾಗಿಟ್ಟಿರಬೇಕು.

ಒಟ್ಟಿನಲ್ಲಿ ತಾತ್ಪರ್ಯವಿಷ್ಟು. ಮೊದಲು ಅಳೆಯಿರಿ, ಅನಂತರ ಸ್ಥಳವನ್ನು ಬದಲಾಯಿಸಿರಿ, ಆಮೇಲೆ ಕೇಬಲ್ಲನ್ನು ಎಳೆಯಿರಿ, ಅಷ್ಟರಿಂದಲೂ ಆಗದಿದ್ದರೆ ಬರೆದು ದೂರು ಕೊಡಿರಿ, ಕೊನೆಗೆ ಬೇರೆ ಸಂಪರ್ಕವನ್ನು ಕೊಳ್ಳಿರಿ. ಹಣವನ್ನು ಬೇಡುವ ಉಪಾಯಗಳು ಈ ಕ್ರಮದಲ್ಲಿ ಕಡೆಗೆ ಬರುವುದನ್ನು ವಾಚಕರು ಲಕ್ಷಿಸಬೇಕು. ಈ ಬರಹವನ್ನು ಓದಿ ಒಂದು ಮನೆಯ ರೂಟರಾದರೂ ಪೆಟ್ಟಿಗೆಯಿಂದ ಹೊರಕ್ಕೆ ಬಂದು, ಹಿಂದಿನ ಕೋಣೆಯಲ್ಲಿ ಕುಳಿತ ಒಂದು ಮಗುವಿನ ಪಾಠವು ನಿಲ್ಲದೆ ನಡೆದರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯುವೆವು.